ಒಂದು ಮಡಿಲು ಸೊಪ್ಪು

ಮಾದಪ್ಪ ಎರಡನೇ ಸಲ ಸೋಪು ಕೇಳಿದ. ಬಟ್ಟೆ ಒಗೆಯುವ ಕಲ್ಲಿನ ಮೇಲಿದ್ದ ಚೂರನ್ನೇ ಪವಿತ್ರ ಎತ್ತಿಕೊಟ್ಟಳು. ಅವನು ಮೊಣಕೈತನಕ ನೊರೆ ಮಾಡಿಕೊಂಡು, ಉಗುರುಸಂದಿಯನ್ನೆಲ್ಲ ತಿಕ್ಕಿ ತೊಳೆದು, ಅಂಗೈ ಮೂಸಿ ಮುಖ ಸಿಂಡರಿಸಿದ.

"ಏನ್ಲಾ ಮಾದ, ಈ ಪಾಟಿ ಉಜ್ಕತಿದ್ದೀಯೆ? ಯಾವೂರ್ಗೆ ಎಣ್ ನೋಡಕ್ ಒಂಟಿದ್ದೀಯ್ಲಾ?" ಜಗುಲಿಯ ಮೇಲೆ ಕೂತು ಸಂಜೆಗೆಂದು ಅವರೆಕಾಯಿ ಸುಲಿಯುತ್ತಿದ್ದ ಪವಿತ್ರಳ ಅತ್ತೆ ಪುಟ್ಟಸಿದ್ದಮ್ಮ ಛೇಡಿಸಿದಳು.

"ಇರೋಳ್ನೇ ಸಾಕಕ್ಕಾಯ್ತಿಲ್ಲ ಕಣಕ್ಕ. ನೀನೇನಾರ ನಿನ್ನೊಲ ಬರ್ಕೊಟ್ರೆ ಇನ್ನೊಬ್ಳ ತರನ ಬುಡು." ಅವನು ನಕ್ಕ. "ಒಂದ್ ಲೋಟ ಮಜ್ಗೆ ಇದ್ರೆ ಕೊಡವ್ವ ಪವಿತ್ರ. ಗಂಟ್ಲೆಲ್ಲ ಉರೀತದೆ. ಬೆಳಗ್ಗಿಂದ ಕಳೆ ಔಸ್ದಿ ಒಡ್ದು ಒಡ್ದು ಸಾಕಾಗೋಯ್ತು."

"ಯಾರ ಒಲ್ದಲ್ಲೊ?"

"ನೀಲಕಂಠಸ್ವಾಮಿಯವ್ರ ಬಾಳೆತೋಟ್ದಲ್ಲಿ. ಕೋಳಿ ಕೂಗೋವಾಗ್ಲೇ ಟ್ಯಾಂಕ್ ಬೆನ್ಗಾಕ್ದೆ. ಒತ್ತು ಉಟ್ಟೋದ್ರೊಳ್ಗೆ ಬದವೆಲ್ಲ ಮುಗ್ಸಿ, ಆಮೇಕೆ ಸಾಲ್ಗಿಳ್ದೆ."

ಪುಟ್ಟಸಿದ್ದಮ್ಮನ ಹೆಬ್ಬೆರಳು ಅವರೆಕಾಯಿಯ ಹೊಟ್ಟೆ ಸೀಳಿ ಅಲ್ಲೇ ನಿಂತಿತು. ಕಾಳು ಮೊರಕ್ಕೆ ಬೀಳಲಿಲ್ಲ.

"ಬದೂಗ್ಯಾಕ್ಲಾ ಒಡ್ದೆ?"

"ನನ್ನೇನ್ ಕೇಳೀಯೆ? ಒಡಿ ಅಂದ್ರು, ಒಡ್ದೆ. ಕಳೆ ಕೀಳಕ್ಕೆ ಆಳೆಲ್ ಸಿಕ್ಕಾರು ಈಗ? ದನಗಿನ ಬಾಯಾಕ್ಬುಟ್ಟಾವು ಅಂತ ದಾರಿ ಮಗ್ಗುಲ್ಗೆ ಬಿಳೀ ಕವರ್ನೂ ಕಟ್ಟಿವ್ನಿ." ಮಾದಪ್ಪ ಮಜ್ಜಿಗೆಯನ್ನು ಗಟಗಟ ಕುಡಿದು, ಲೋಟ ಬೋರಲು ಹಾಕಿ, ಹೆಗಲ ಮೇಲೆ ಟವೆಲು ಎಸೆದುಕೊಂಡು ಹೊರಟುಹೋದ. ತಾನು ಏನು ಹೇಳಿ ಹೋದೆನೆಂಬುದು ಅವನಿಗೆ ಗೊತ್ತಿರಲಿಲ್ಲ.

ಪುಟ್ಟಸಿದ್ದಮ್ಮ ದಾರಿಯ ಕಡೆಯಿಂದ ಆ ತೋಟಕ್ಕೆ ಹೋದವಳೇ ಅಲ್ಲ. ಐವತ್ತು ವರ್ಷದಿಂದ ಅವಳದು ಹಳ್ಳದ ಕಡೆಯ ಕಾಲುಹಾದಿ. ಇವತ್ತೂ ಏಳು ಗಂಟೆಗೆ ಆ ಹಾದಿಯಲ್ಲೇ ಹೋಗಿ, ಸೆರಗು ತುಂಬ ಬೆರಕೆ ಸೊಪ್ಪು ಕಿತ್ತುಕೊಂಡು ಬಂದಿದ್ದಳು. ಅಣ್ಣೆ, ಕನ್ನೆ, ಗೋಣಿ, ಕಾಶಿ, ದಗ್ಗಲು ಎನ್ನುತ್ತ ಒಂದೊಂದನ್ನೂ ಸೊಸೆಯ ಮುಂದೆ ಹಿಡಿದು, "ನೋಡಮ್ಮಿ, ಇಬ್ಬನಿ ಎಂಗ್ ಸುರ್ದದೆ ಇವತ್ತು! ಎಲೆಎಲೇಲೂ ಮುತ್ತು!" ಎಂದು ಹಿಗ್ಗಿದ್ದಳು. ಪವಿತ್ರ ಮುಟ್ಟಿ ನೋಡಿದ್ದಳು. ಮುತ್ತು ಬೆರಳಿಗೆ ಕೊಂಚ ಜಾರಿದಂತಾಗಿತ್ತು. ಗುಂಡ್ಲುಪೇಟೆಯ ಬಸ್‌ಸ್ಟ್ಯಾಂಡಿನ ಹಿಂದೆ ಹುಟ್ಟಿ ಬೆಳೆದವಳಿಗೆ ಇಬ್ಬನಿ ಹೇಗಿರುತ್ತದೆಂದು ಏನು ಗೊತ್ತು?

ಆ ಸೊಪ್ಪಿಗೆ ಹಸಿ ಅವರೆಕಾಳು ಹಾಕಿ ಬೇಯಿಸಿ, ಬಸಿದು, ಮೆಣಸು ಬೆಳ್ಳುಳ್ಳಿಯ ಖಾರ ಅರೆದು ಮಾಡಿದ ಉಪ್ಸಾರು ಒಲೆಯ ಪಕ್ಕ ಇತ್ತು. ಮನೆಯಲ್ಲಿ ಇನ್ನೂ ಯಾರೂ ಉಂಡಿರಲಿಲ್ಲ. ಪವಿತ್ರಳಿಗೆ ಸೋಮವಾರದ ಒಪ್ಪತ್ತು. ಅವಳ ಗಂಡ ಶಿವಮಲ್ಲು ತರಕಾರಿ ಗಾಡಿ ಹೊಡೆದುಕೊಂಡು ಕೇರಳಕ್ಕೆ ಹೋದವನು ಬರುವುದು ಸಂಜೆಗೆ. ಪುಟ್ಟಸಿದ್ದಮ್ಮ ದನಗಳಿಗೆ ನೀರು ತೋರಿಸದೆ ತುತ್ತು ಎತ್ತುವವಳಲ್ಲ.

ಆದರೆ ಹನ್ನೊಂದು ಗಂಟೆಗೆ ಒಂದು ಬಟ್ಟಲು ಬೇಲಿ ದಾಟಿ ಪಕ್ಕದ ಮನೆಗೆ ಹೋಗಿತ್ತು. ಚಿಕ್ಕಬಸಮ್ಮನ ಮಗಳು ಅನು ಬಾಣಂತಿ. ಮಗುವಿಗೆ ಎರಡು ತಿಂಗಳು, ಹಾಲು ಸಾಲದು. ಪುಟ್ಟಸಿದ್ದಮ್ಮನ ಸೊಪ್ಪಿನ ಸಾರು ಉಂಡರೆ ಹಾಲಿಳಿಯುತ್ತದೆಂದು ಊರೆಲ್ಲ ನಂಬಿದ ಮಾತು.

"ಅತ್ತೆಮ್ಮ, ನಮ್ ಸೊಪ್ಪು..."

"ಆ ಬದೂದಲ್ಲ ಕಣಮ್ಮಿ."

"ನೀವೇ ಅಂದ್ರಿ, ನೀಲಕಂಠಪ್ಪೋರ ಬದೂಲಿ ಚೆಂದಾಗ್ ಬಂದದೆ ಅಂತ."

ಪವಿತ್ರ ಚಪ್ಪಲಿಗೆ ಕಾಲು ತೂರಿಸಿದಳು. "ಚಿಕ್ಕಬಸವ್ವಾರ್ಗೆ ಹೇಳ್ಬುಟ್ ಬತ್ತೀನಿ."

"ಏನಂತ ಏಳೀಯೆ? ನಮ್ಮತ್ತೆ ಬಾಣ್ತಿಗೆ ಇಸ ಉಣ್ಸವ್ಳೆ ಅಂತ ಏಳೀಯಾ?"

ಪವಿತ್ರ ಮತ್ತೆ ಚಪ್ಪಲಿ ಕಳಚಿದಳು. ಹೋದ ತಿಂಗಳಷ್ಟೇ ಪುಟ್ಟಸಿದ್ದಮ್ಮನ ಸೊಪ್ಪಿನಲ್ಲಿ ಯಾವುದೋ ಕಹಿ ಎಲೆ ಬೆರೆತು, ಸಂಘದ ಹೆಂಗಸರೆಲ್ಲರ ಎದುರಿಗೆ ಚಿಕ್ಕಬಸಮ್ಮ ಅಂದುಬಿಟ್ಟಿದ್ದಳು: "ಕಣ್ಣು ಮಂಜಾಗ್ಯದೆ ಕಣಕ್ಕ ನಿಂಗೆ. ಇನ್ನು ಸೊಪ್ಗೋಗೋದ್ ಬುಡು." ಅವತ್ತು ರಾತ್ರಿ ಪುಟ್ಟಸಿದ್ದಮ್ಮ ಮುದ್ದೆ ಮುಟ್ಟಿರಲಿಲ್ಲ. ಆಮೇಲೆ ಒಂದು ತಿಂಗಳು ಊರಿನಲ್ಲಿ ಯಾರೂ ಅವಳನ್ನು ಸೊಪ್ಪು ಕೇಳಲಿಲ್ಲ. ನಿನ್ನೆ ಸಂಜೆ ಅದೇ ಚಿಕ್ಕಬಸಮ್ಮ ಬೇಲಿಗೆ ಬಂದು, "ಅಕ್ಕ, ನಮ್ ಅನೂಗೆ ಒಂದೀಟು ಸಾರು ಮಾಡ್ಕೊಡು" ಎಂದು ಕೇಳಿದ್ದಳು. ಮುದುಕಿ ಬೆಳಗಾಗುವುದನ್ನೇ ಕಾದಿದ್ದಳು.

"ತಡಿ. ಒಂದ್ ಗಳ್ಗೆ ತಡಿ ಕಣಮ್ಮಿ. ಮದ್ ಬಿದ್ದಿದ್ರೆ ಸೊಪ್ಪೇ ಏಳ್ತದೆ."

ಸಂಜೆಯ ಮಸ್ಸೊಪ್ಪಿಗೆಂದು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಒಂದು ಹಿಡಿ ಸೊಪ್ಪು ಇನ್ನೂ ಉಳಿದಿತ್ತು. ಪುಟ್ಟಸಿದ್ದಮ್ಮ ಅದನ್ನು ಬಿಚ್ಚಿ ಅಂಗಳದ ಕಲ್ಲಿನ ಮೇಲೆ ಬಿಸಿಲಿಗೆ ಹರಡಿದಳು. ಹಿತ್ತಲಿಗೆ ಹೋಗಿ ಬದನೆಗಿಡದ ಬುಡದಲ್ಲಿ ಎದ್ದಿದ್ದ ಅದೇ ಅಣ್ಣೆ, ಅದೇ ಕನ್ನೆ ಕಿತ್ತು ತಂದು ಪಕ್ಕದಲ್ಲಿ ಹರಡಿದಳು. ನಡುವೆ ಒಂದು ಗೇಣು ಜಾಗ ಬಿಟ್ಟಳು.

"ಬಿಸ್ಲಿಗೆ ಎಲ್ಡೂ ಬಾಡ್ತವೆ. ಮದ್ ಬಿದ್ದಿದ್ದು ಸುಟ್ಟೋಯ್ತದೆ. ಸುಡ್ನಿಲ್ಲ ಅಂದ್ರೆ ನೀನೂ ಬಾಯ್ ಮುಚ್ಕ, ನಾನೂ ಮುಚ್ಕತೀನಿ."

"ಸುಟ್ರೆ?"

ಮುದುಕಿ ಒಳಗೆ ಹೋದಳು. ತಟ್ಟೆಯಲ್ಲಿ ಮುದ್ದೆ ಹಾಕಿಕೊಂಡು, ಗುಳಿ ಮಾಡಿ, ಉಪ್ಸಾರು ಹುಯ್ದುಕೊಂಡು ಬಂದು ಬಾಗಿಲಿಗೇ ಕೂತಳು. ಪವಿತ್ರ ಓಡಿಹೋಗಿ ಕೈ ಹಿಡಿದಳು.

"ಬ್ಯಾಡಿ ಅತ್ತೆಮ್ಮ! ನಿಮ್ ದಮ್ಮಯ್ಯ!"

"ಕೈ ಬುಡು. ಮೂರ್ ನೀರಲ್ಲಿ ತೊಳ್ದಿವ್ನಿ, ಕುದ್ಸಿವ್ನಿ. ನಾನ್ ಮಾಡಿದ್ದ ನಾನುಣ್ದೆ ಇನ್ಯಾರುಂಡಾರು?"

ಅವಳು ಉಂಡಳು. ಅವಸರವಿಲ್ಲದೆ, ಒಂದೊಂದು ತುತ್ತನ್ನೂ ಸಾರಿನಲ್ಲಿ ಹೊರಳಿಸಿ, ಖಾರ ಮುಟ್ಟಿಸಿ, ಕಣ್ಣು ಮುಚ್ಚಿ ನುಂಗಿದಳು. ತಟ್ಟೆಯೆತ್ತಿ ತಳದಲ್ಲಿದ್ದುದನ್ನೂ ಕುಡಿದಳು. ಮದುವೆಯಾಗಿ ಬಂದ ಹೊಸತರಲ್ಲಿ ಇದೇ ಬಾಗಿಲಲ್ಲಿ ಕೂತು ಅತ್ತೆ ಹೇಳಿದ ಕಥೆ ಪವಿತ್ರಳಿಗೆ ನೆನಪಾಯಿತು. ಹಿಂದೆ ಭೂಮ್ತಾಯಿ ಊರವರಿಗೆಲ್ಲ ಕಾಳು ಹಂಚುತ್ತಿದ್ದಳಂತೆ. ಒಬ್ಬನಿಗೆ ರಾಗಿ, ಒಬ್ಬನಿಗೆ ಜೋಳ, ಒಬ್ಬನಿಗೆ ಹುರುಳಿ. ಎಲ್ಲ ಮುಗಿದ ಮೇಲೆ ಗಂಡನಿಲ್ಲದ ಒಬ್ಬ ಹೆಂಗಸು ಬರಿಯ ಮಡಿಲೊಡ್ಡಿಕೊಂಡು ಬಂದಳಂತೆ. ಕೊಡಲು ಏನೂ ಉಳಿದಿರಲಿಲ್ಲ. ಆಗ ಭೂಮ್ತಾಯಿ, ಹೋಗು ಮಗಳೇ, ಯಾರೂ ಬಿತ್ತದೆ ಬೆಳೆದದ್ದೆಲ್ಲ ನಿನ್ನದು, ಯಾರ ಹೊಲದಲ್ಲಿದ್ದರೂ ನಿನ್ನದೇ, ನಿನ್ನ ಕೈಗೆ ಅದು ಯಾವತ್ತೂ ಕೆಡುಕು ಮಾಡದು ಎಂದು ಕಳಿಸಿದಳಂತೆ. ಇಪ್ಪತ್ತೈದಕ್ಕೆ ಗಂಡ ಸತ್ತ ಪುಟ್ಟಸಿದ್ದಮ್ಮ ಎರಡು ವರ್ಷ ಮನೆಯವರ ಹೊಟ್ಟೆ ತುಂಬಿಸಿದ್ದು ಬದುವಿನ ಸೊಪ್ಪಿನಿಂದಲೇ. ಅಂಥ ಕೈ ಹೇಗೆ ತಪ್ಪೀತು? ಪವಿತ್ರ ನಂಬಲು ನೋಡಿದಳು. ನಂಬಿದರೆ ಬೇಲಿ ದಾಟುವ ಕೆಲಸವಿರಲಿಲ್ಲ.

ಅವಳು ಕಲ್ಲಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತಳು. ಶಿವಮಲ್ಲುವಿಗೆ ಫೋನು ಹಚ್ಚಿದರೆ ಸಿಗಲಿಲ್ಲ, ಘಾಟಿಯಲ್ಲಿರಬೇಕು. ಬಿಸಿಲು ನೆತ್ತಿಗೆ ಬಂತು. ಎರಡು ರಾಶಿಯೂ ಒಂದೇ ಸಮ ಸೊರಗತೊಡಗಿದವು. ಒಂದು ಕೋಳಿ ಬಂದು ಕುಕ್ಕಲು ಕತ್ತು ಚಾಚಿತು. ಪವಿತ್ರ ಅದನ್ನು ಅಟ್ಟಿದಳು. ಕೋಳಿಯನ್ನು ಅಟ್ಟಿದ ತನ್ನ ಕೈಯನ್ನು ಆಮೇಲೆ ತಾನೇ ನೋಡಿಕೊಂಡಳು.

ಬೇಲಿಯಾಚೆ ಮಗು ಅಳತೊಡಗಿತು. ಮೊದಮೊದಲು ಕುಯ್ ಕುಯ್ ಎಂದು, ಆಮೇಲೆ ಕಿರುಚಿ. "ಬಂದೆ, ಬಂದೆ ನನ್ನಪ್ಪ" ಎಂದು ಅನುವಿನ ದನಿ ಕೇಳಿಸಿತು. ಆಮೇಲೆ ಅಳು ತಟ್ಟನೆ ನಿಂತಿತು.

ಯಾಕೆ ನಿಂತಿತೆಂದು ಪವಿತ್ರಳಿಗೆ ಗೊತ್ತಿತ್ತು. ಅವಳು ಏಳಲಿಲ್ಲ. ಇನ್ನೊಂದು ಗಳಿಗೆ, ಎಂದುಕೊಂಡಳು. ಬಾಗಿಲಲ್ಲಿ ಮುದುಕಿ ಎಲೆಯಡಿಕೆ ಹಾಕಿಕೊಳ್ಳಲು ಹೋಗಿ, ಸುಣ್ಣ ಸವರಿದ ಎಲೆಯನ್ನು ಮಡಿಲಲ್ಲೇ ಬಿಟ್ಟು ಕೂತಿದ್ದಳು.

ಒಂದೂವರೆಯ ಹೊತ್ತಿಗೆ ಹಿತ್ತಲ ಸೊಪ್ಪು ಜೋಲುಬಿದ್ದು ಹಸಿರಾಗಿಯೇ ಇತ್ತು. ಬದುವಿನ ಸೊಪ್ಪಿನ ಮೇಲೆ ಮೊದಲು ಸಾಸಿವೆಯಷ್ಟು, ಆಮೇಲೆ ಮೆಣಸಿನಷ್ಟು ಕಂದು ಚುಕ್ಕೆಗಳೆದ್ದವು. ಬೆಳಿಗ್ಗೆ ಎಲ್ಲೆಲ್ಲಿ ಮುತ್ತು ಕೂತಿತ್ತೋ ಅಲ್ಲಲ್ಲಿ, ಬೀಡಿ ಚುಚ್ಚಿದ ಹಾಗೆ, ದುಂಡಗೆ. ಪವಿತ್ರ ಒಂದು ಅಣ್ಣೆ ಎಲೆಯನ್ನೆತ್ತಿ ಅತ್ತೆಯ ಕಡೆ ಹಿಡಿದಳು. ಪುಟ್ಟಸಿದ್ದಮ್ಮನ ಮಂಜುಗಣ್ಣಿಗೆ ಆ ಚುಕ್ಕೆ ಕಾಣಲಿಲ್ಲವೇನೋ. ಸೊಸೆಯ ಮುಖ ಕಂಡಿತು.

"ಓಗು," ಎಂದಳು. "ಓಗು ಬ್ಯಾಗ."

ಚಿಕ್ಕಬಸಮ್ಮ ಬಚ್ಚಲಲ್ಲಿ ಪಾತ್ರೆ ತೊಳೆಯುತ್ತಿದ್ದಳು. "ಬಟ್ಲಿಗ್ ಬಂದ್ಯಾ? ಬರೀ ಬಟ್ಲು ಕೊಡಬಾರ್ದು ಅಂತ ಅಚ್ಚುಬೆಲ್ಲ ಆಕಿ ಮಡ್ಗಿವ್ನಿ ನೋಡು. ಅನು ಎಲ್ಡ್ ಸಲ ಈಸ್ಕಂಡ್ ಉಂಡ್ಳು ಕಣಮ್ಮಿ! ನಂಗೆ ಒಂದ್ ತೊಟ್ಟೂ ಬುಡ್ನಿಲ್ಲ ಮುಂಡೇದು. ನಿಮ್ಮತ್ತೆ ಕೈಗೆ ಚಿನ್ನದ್ ಬಳೆ ಆಕ್ಬೇಕು. ನಾನೇ ಅವತ್ತು ಏನೇನೋ ಅಂದ್ಬುಟ್ಟೆ. ಬಾಯಲ್ಲ ನಂದು, ಎಕ್ಡ."

ಪವಿತ್ರ ಹೇಳಿದಳು. ಹೇಗೆ ಹೇಳಿದಳೆಂದು ಆಮೇಲೆ ಅವಳಿಗೇ ನೆನಪಿರಲಿಲ್ಲ. ಮಾದಪ್ಪ, ಬದು, ಔಷಧಿ ಎಂಬ ಮೂರು ಮಾತು ಬಾಯಿಂದ ಬಿದ್ದವು. ಚಿಕ್ಕಬಸಮ್ಮ ಕೈಯಲ್ಲಿದ್ದ ತಪ್ಪಲೆಯನ್ನು ಮೆಲ್ಲಗೆ ಕೆಳಗಿಟ್ಟಳು. ಕೂಗಾಡಲಿಲ್ಲ. ಒಳಗೆ ಹೋಗಿ, ಮಗಳ ಎದೆಗೆ ಕಚ್ಚಿಕೊಂಡು ಅರೆನಿದ್ದೆಯಲ್ಲಿದ್ದ ಮಗುವನ್ನು ಎರಡೂ ಕೈಯಲ್ಲಿ ಎತ್ತಿ ಬಿಡಿಸಿಕೊಂಡಳು. ಮಗು ಬೆಚ್ಚಿ ಅತ್ತಿತು. ಅನು ಏನಾಯಿತೆಂದು ತಿಳಿಯದೆ ರವಿಕೆ ಎಳೆದುಕೊಳ್ಳುತ್ತ ಇಬ್ಬರ ಮುಖವನ್ನೂ ನೋಡಿದಳು.

"ಯಾವಾಗ್ ಗೊತ್ತಾಯ್ತವ್ವ ನಿಂಗೆ?" ಚಿಕ್ಕಬಸಮ್ಮ ಮಗುವನ್ನು ತೂಗುತ್ತ ಕೇಳಿದಳು.

"ಈಗ," ಎಂದಳು ಪವಿತ್ರ. "ಈಗ್ಲೇ ಮಾದಪ್ಪ ಹೇಳ್ದ. ಓಡ್ ಬಂದೆ."

ತೆರಕಣಾಂಬಿಯಿಂದ ಆಟೊ ಬರುವ ಹೊತ್ತಿಗೆ ಪುಟ್ಟಸಿದ್ದಮ್ಮ ಹಿತ್ತಲಲ್ಲಿ ಎರಡು ಸಲ ವಾಂತಿ ಮಾಡಿಕೊಂಡಿದ್ದಳು. ನಗರದ ಆಸ್ಪತ್ರೆಯವರೆಗೂ ಆಟೊದಲ್ಲಿ ಅತ್ತದ್ದು ಮಗು ಒಂದೇ. ಮುದುಕಿ ಕಂಬಿಗೆ ಒರಗಿ, ಬಾಯಿಗೆ ಸೆರಗು ಒತ್ತಿಕೊಂಡು, ಓಡುವ ಹೊಲಗಳ ಕಡೆಗೆ ಮುಖ ಮಾಡಿದ್ದಳು. ಅನುವಿನ ಸೀರೆ ಅವಳಿಗೆ ತಾಗದಂತೆ ಚಿಕ್ಕಬಸಮ್ಮ ನಡುವೆ ಕೂತಿದ್ದಳು.

ಡಾಕ್ಟರು ಒಂದೊಂದೇ ಕೇಳಿ ಬರೆದುಕೊಂಡರು. ಯಾವ ಔಷಧಿ, ಎಷ್ಟು ಉಂಡದ್ದು, ಎಷ್ಟು ಹೊತ್ತಿಗೆ. ಮಗು ಹಾಲು ಕುಡಿದದ್ದು ಎಷ್ಟು ಹೊತ್ತಿಗೆ. "ನಿಮಗೆ ವಿಷಯ ಗೊತ್ತಾದದ್ದು?" ಎಂದು ಅವರು ಪವಿತ್ರಳ ಕಡೆ ತಿರುಗಿದಾಗ, ಮಂಚದ ಮೇಲಿಂದ ಮುದುಕಿ ತೊದಲಿದಳು. ಅವಳ ತುಟಿಯ ಒಳಬದಿ ಆಗಲೇ ಬೆಳ್ಳಗೆ ಬೆಂದಿತ್ತು.

"ಅವ್ಳಿಗೇನೂ ಗೊತ್ತಿಲ್ಲ ಸೋಮಿ. ಎಲ್ಲ ನಂದೇ."

ಪವಿತ್ರ ಗೋಡೆಯ ಕಡೆ ನೋಡಿದಳು. ಡಾಕ್ಟರು ಬರೆದುಕೊಂಡು ಮುಂದೆ ಹೋದರು.

ಬಾಣಂತಿ ಉಂಡದ್ದು ಒಂದೇ ಬಟ್ಟಲು, ತೊಳೆದು ಬೇಯಿಸಿದ್ದು ಬೇರೆ. ರಕ್ತದ ವರದಿ ಬರಲಿ, ಮೂರು ದಿನ ನೋಡೋಣ, ಅಲ್ಲಿಯತನಕ ಮಗುವಿಗೆ ಎದೆಹಾಲು ಬೇಡ, ಹಿಂಡಿ ತೆಗೆಯಿರಿ ಎಂದರು. ಅಜ್ಜಿಯ ವಿಷಯ ನಾಳೆ ಹೇಳುತ್ತೇವೆ ಎಂದರು. ಶಿವಮಲ್ಲು ಬಂದು, ಗಾಡಿಯ ಧೂಳಿನ ಬಟ್ಟೆಯಲ್ಲೇ, ತಾಯಿಯ ಕಾಲಬಳಿ ಕೂತ. ಯಾರೂ ಅವನಿಗೆ ಸರಿಯಾಗಿ ಏನನ್ನೂ ಹೇಳಲಿಲ್ಲ.

ಬಿಸಿಲು ಇಳಿದಿತ್ತು. ಹೆಂಗಸರ ವಾರ್ಡಿನಲ್ಲಿ ಮಗು ಚಮಚದ ಪುಡಿಹಾಲನ್ನು ನಾಲಿಗೆಯಿಂದ ಹೊರಕ್ಕೆ ತಳ್ಳಿ ತಳ್ಳಿ ಅಳುತ್ತಿತ್ತು. ಅದು ಅತ್ತಷ್ಟೂ ಅನುವಿನ ರವಿಕೆ ಒದ್ದೆಯಾಗುತ್ತಿತ್ತು. ಅವಳು ಗೋಡೆಗೆ ತಿರುಗಿ ಕೂತು, ಹಲ್ಲು ಕಚ್ಚಿ, ಸ್ಟೀಲ್ ಲೋಟಕ್ಕೆ ಹಾಲು ಹಿಂಡಿದಳು. ಇವತ್ತು ಹಾಲು ಬಹಳವಿತ್ತು. ಚಿಕ್ಕಬಸಮ್ಮ ತುಂಬಿದ ಲೋಟವನ್ನು ಪವಿತ್ರಳ ಕೈಗಿಟ್ಟು, ಆ ಕೈಯನ್ನು ಬಿಡದೆ ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಬೇರೆ ಯಾರಾಗಿದ್ರೂ ಮುಚ್ಚಾಕ್ಬುಡೋರು ಕಣವ್ವ. ನೀನು ಗೊತ್ತಾದ್ ಗಳ್ಗೇಲೇ ಓಡ್ ಬಂದೆ. ನಿನ್ ಒಟ್ಟೆ ತಣ್ಗಿರ್ಲಿ." ಕಣ್ಣೊರೆಸಿಕೊಂಡು ಮುಂದುವರಿಸಿದಳು. "ಇದ ಬಚ್ಚಲ್ಗೆ ಸುರೀಬ್ಯಾಡ. ತುಳ್ಯೋ ಜಾಗ್ದಲ್ಲೂ ಬ್ಯಾಡ. ಯಾವ್ದಾರ ಗಿಡುದ್ ಬುಡಕ್ಕುಯ್ದು ಬಾ."

ಪವಿತ್ರ ಲೋಟ ಹಿಡಿದು ಮೆಟ್ಟಿಲಿಳಿದಳು. ಹೊರಗೆಲ್ಲ ಟೈಲ್ಸು, ಸಿಮೆಂಟು, ಸಾಲಾಗಿ ನಿಂತ ಬೈಕುಗಳು. ಗೇಟಿನ ಹತ್ತಿರ ಯಾರೋ ಬಾಯಿ ಒಡೆದ ಕುಂಡದಲ್ಲಿ ಒಂದು ದಾಸವಾಳ ನೆಟ್ಟು ನೀರು ಹಾಕಿದ್ದರು. ಅದರ ತುದಿಯಲ್ಲಿ ಎರಡು ಹೊಸ ಎಲೆ ಬಿಟ್ಟಿತ್ತು. ಅವಳು ಅದರ ಮುಂದೆ ಕೂತು ಲೋಟ ಬಗ್ಗಿಸಿದಳು. ಹಾಲು ಅಂಚಿನತನಕ ಬಂತು. ಅವಳು ಮತ್ತೆ ನೆಟ್ಟಗೆ ಹಿಡಿದಳು.

ಮೇಲಿನ ಕಿಟಕಿಯಿಂದ ಮಗುವಿನ ಅಳು ಕೇಳುತ್ತಲೇ ಇತ್ತು. ಸಂಜೆಯ ಚಳಿಗೆ ಅವಳ ಬೆರಳು ತಣ್ಣಗಾಗಿದ್ದವು, ಲೋಟ ಮಾತ್ರ ಇನ್ನೂ ಬೆಚ್ಚಗಿತ್ತು.