ಪಡಸಾಲೆಯ ಜಾವಾ

ನಮ್ಮನೆಯವರು ತೀರಿಹೋದ ಮೇಲೆ ಮನೆಯಲ್ಲಿ ಉಳಿದವರು ಮೂವರು: ನಾನು, ನಮ್ಮತ್ತೆ ಮುನಿರತ್ನಮ್ಮ, ಮತ್ತು ಪಡಸಾಲೆಯಲ್ಲಿ ನಿಂತಿದ್ದ ಅವರ ಹಳೇ ಜಾವಾ ಮೋಟಾರ್ ಸೈಕಲ್ಲು. ಮೂವರಲ್ಲಿ ಬಾಯಿ ಬಿಡುತ್ತಿದ್ದುದು ಗಾಡಿ ಒಂದೇ. ಅದೂ ಭಾನುವಾರಕ್ಕೊಂದು ಸಲ, ನಾನು ಕಿಕ್ಕರ್ ಒದ್ದರೆ.

ನಮ್ಮೂರು ಸಾಸಲಿನವರಿಗೆ ಅದೊಂದು ತಮಾಷೆ. ಗಂಡ ಇಲ್ಲದವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಗಾಡಿ ಒದೆಯುತ್ತಾಳೆ ಎಂದು ಆಡಿಕೊಂಡರು. ಆಡಿಕೊಳ್ಳಲಿ, ನನಗೇನು! ಆಡುವವರ ಬಾಯಿಗೆಲ್ಲ ಬೀಗ ಹಾಕುತ್ತಾ ಕೂತರೆ ನನ್ನ ಗಂಜಿ ಬೇಯಿಸುವವರು ಯಾರು? ಚಾಲೂ ಮಾಡದೆ ನಿಲ್ಲಿಸಿದರೆ ಗಾಡಿ ಸತ್ತೇ ಹೋಗುತ್ತದೆ ಎಂದು ನಮ್ಮನೆಯವರೇ ಹೇಳುತ್ತಿದ್ದರು. ಹಾಲಿನ ಡೈರಿಯ ಸೆಕ್ರೆಟರಿಯಾಗಿ ಸುತ್ತಲ ಹಳ್ಳಿಯನ್ನೆಲ್ಲ ಅದರ ಮೇಲೇ ಸುತ್ತಿದ್ದರು. ತೊಂಬತ್ತೆರಡನೇ ಇಸವಿಯಲ್ಲಿ ಕಾಮಾಲೆ ಬಂತು, ನಾಟಿ ಔಷಧಿ ಎಂದು ತಡ ಮಾಡಿದರು, ಹೋಗಿಬಿಟ್ಟರು. ಅವರ ಕುರ್ಚಿ ಇನ್ಯಾರಿಗೋ ಹೋಯಿತು. ನನಗೆ ಹಾಲಿನ ಡಿಗ್ರಿ ನೋಡುವ ಕೆಲಸ ಕೊಟ್ಟರು.

ಬೆಳಗಾದರೆ ನೀರು ಬೆರೆಸಿ ತಂದವರ ಜೊತೆ ಜಗಳ. ಜಗಳವಾದರೂ ಅದು ಮಾತು ತಾನೇ. ಮನೆಗೆ ಬಂದರೆ ಅದೂ ಇಲ್ಲ. ಅತ್ತೆ ಮುದ್ದೆ ಕಟ್ಟಿ ಮುಚ್ಚಿಟ್ಟಿರುತ್ತಿದ್ದರು, ನಾನು ಉಂಡು ತಟ್ಟೆ ತೊಳೆಯುತ್ತಿದ್ದೆ. ಮಗನ ಹೆಣ ಎತ್ತಿದಾಗಲೂ ಆಕೆ ಅಳಲಿಲ್ಲ. ನನ್ನ ಹಣೆ ಒರೆಸಿ ಬಳೆ ತೆಗೆಸುವ ದಿನ ಹೆಂಗಸರೆಲ್ಲ ಗೋಳಿಡುತ್ತಿದ್ದರೆ, ಬೇಗ ಮುಗಿಸಿ ಎಂದು ಗದರಿದವರು ಅವರೇ. ಸ್ವತಃ ಎಳೆಯ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು. ಆದರೂ ಪಕ್ಕದ ಮನೆಯ ದ್ಯಾವಮ್ಮ, ಅವಳೂ ಗಂಡ ಇಲ್ಲದವಳೇ, ಒಂದು ದಿನ ಹಣೆಗೆ ಸ್ಟಿಕರ್ ಅಂಟಿಸಿಕೊಂಡು ಬಂದಾಗ ಹೊಸಿಲು ದಾಟಲು ಬಿಡದೆ ಉಗಿದು ಕಳಿಸಿದ್ದರು. ಈ ಮನುಷ್ಯಳಿಗೆ ಎದೆಯ ಜಾಗದಲ್ಲಿ ರಾಗಿ ಕಲ್ಲಿದೆ ಎಂದುಕೊಂಡು ನಾನೂ ಮಾತು ಬಿಟ್ಟೆ.

ಯುಗಾದಿ ಕಳೆದ ಮೇಲೆ ಗಾಡಿ ಸೋರತೊಡಗಿತು. ಬೆಳಿಗ್ಗೆ ಎದ್ದರೆ ಕಾರ್ಬೊರೇಟರಿನ ಕೆಳಗೆ ನೆಲ ಒದ್ದೆ, ಮನೆಯೆಲ್ಲ ಪೆಟ್ರೋಲಿನ ನಾತ. ಬಟ್ಟಲಿಟ್ಟೆ, ಅದೂ ತುಂಬಿತು. ಟ್ಯಾಂಕಿನ ಕೆಳಗಿನ ನಲ್ಲಿಯನ್ನು ಎಷ್ಟು ತಿರುಗಿಸಿದರೂ ಸವೆದುಹೋದದ್ದು ಬಿಗಿಯಾಗಲಿಲ್ಲ. ಪಡಸಾಲೆಯ ಇನ್ನೊಂದು ಮೂಲೆಯಲ್ಲೇ ನಮ್ಮ ಒಲೆ.

ನಮ್ಮ ಭಾವ, ಅಂದರೆ ಅತ್ತೆಯ ದೊಡ್ಡ ಮಗ ಚಲಪತಿ, ನೆಲಮಂಗಲದಲ್ಲಿ ಒಂದು ಗೋಡೌನಿನ ಲೆಕ್ಕ ನೋಡಿಕೊಂಡಿದ್ದರು. ಒಂದು ಭಾನುವಾರ ಬಂದವರು ಹೊಸಿಲಲ್ಲೇ ಮೂಗು ಮುಚ್ಚಿಕೊಂಡರು. ಇವತ್ತಲ್ಲ ನಾಳೆ ನೀವಿಬ್ಬರೂ ಬೆಂದು ಹೋಗುತ್ತೀರಿ, ಗಾಡಿಯನ್ನು ಯಾರಿಗಾದರೂ ಕೊಟ್ಟುಬಿಡೋಣ ಎಂದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ, ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. ಅತ್ತೆಯ ಕಡೆ ನೋಡಿದೆ. ಆಕೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ತಲೆ ಎತ್ತದೆ, ತಗೊಂಡು ಹೋಗು ಎಂದುಬಿಟ್ಟರು. ಮಗನ ಗಾಡಿಯನ್ನು!

ನಮ್ಮನೆಯವರ ಅಂಗಿಗಳನ್ನು ಯಾರೋ ಹಂಚಿಕೊಂಡರು, ವಾಚು ಭಾವನ ಮಗನ ಕೈಗೆ ಹೋಯಿತು. ನನಗೆಂದು ಉಳಿದದ್ದು ಇದೊಂದೇ. ಸೋರುವುದು ನಿಂತರೆ ಇರಲಿ ಅನ್ನುತ್ತೀರಾ ಎಂದು ಭಾವನನ್ನು ಕೇಳಿದೆ. ಅವರು ಯೋಚನೆ ಮಾಡಿ, ಬರುವ ಭಾನುವಾರ ಟೆಂಪೋ ತರುತ್ತೇನೆ, ಅಷ್ಟರಲ್ಲಿ ನಿಂತಿದ್ದರೆ ಬರಿಗೈಯಲ್ಲಿ ಹೋಗುತ್ತೇನೆ, ಇಲ್ಲದಿದ್ದರೆ ಹೇರಿಕೊಂಡು ಹೋಗುತ್ತೇನೆ ಎಂದರು.

ಮಾರನೇ ದಿನವೇ ದೊಡ್ಡಬಳ್ಳಾಪುರಕ್ಕೆ ಹೋಗಿ ಮೆಕ್ಯಾನಿಕ್ ಆದಿನಾರಾಯಣಪ್ಪನವರನ್ನು ಬಸ್ಸು ಹತ್ತಿಸಿಕೊಂಡು ಬಂದೆ. ಗೊಣಗುತ್ತಲೇ ಕೆಲಸ ಮಾಡುವ ಮುದುಕ. ಕಾರ್ಬೊರೇಟರ್ ಬಿಚ್ಚಿ ಅದರೊಳಗಿನ ಹಿತ್ತಾಳೆಯ ಫ್ಲೋಟನ್ನು ಕಿವಿಯ ಹತ್ತಿರ ಅಲ್ಲಾಡಿಸಿದರು. ಪೆಟ್ರೋಲಿನ ಮೇಲೆ ತೇಲುವ ಗುಂಡು ಅದು. ತೇಲಿದರೆ ಒಂದು ಸೂಜಿ ಮೇಲೆದ್ದು ಪೆಟ್ರೋಲಿನ ದಾರಿ ಮುಚ್ಚುತ್ತದೆ. ಗುಂಡಿಗೆ ತೂತು ಬಿದ್ದು ಮುಳುಗಿದರೆ ದಾರಿ ಮುಚ್ಚದೆ ಸೋರುತ್ತದೆ. ಒಳಗೆ ಏನೂ ಕುಲುಕಲಿಲ್ಲ. ನನ್ನಿಂದ ಬಿಸಿನೀರು ಕಾಯಿಸಿ ತರಿಸಿ, ಅದರಲ್ಲಿ ಮುಳುಗಿಸಿ ಹಿಡಿದರು. ಒಂದು ಗುಳ್ಳೆಯೂ ಏಳಲಿಲ್ಲ. ಸೂಜಿಯ ಮೊನೆಯೂ ಸರಿಯಾಗಿತ್ತು. ಏನೋ ಕಸ ಕೂತಿರಬೇಕು ಎಂದು ಎಲ್ಲವನ್ನೂ ತೊಳೆದು ಊದಿ ಕೂರಿಸಿದರು. ಸೋರುವುದು ನಿಂತಿತು.

ನಿಂತಿತು ಎಂದು ಕುಣಿದಾಡಬೇಕಿತ್ತು. ಆದರೆ ಬೆಳಿಗ್ಗೆ ಎದ್ದರೆ ಮನೆಯಲ್ಲಿ ಪೆಟ್ರೋಲಿನ ವಾಸನೆಯೇ ಇರಲಿಲ್ಲ. ಡೈರಿಯಿಂದ ಬಂದು ನಮ್ಮನೆಯವರು ಗೂಟಕ್ಕೆ ನೇತುಹಾಕುತ್ತಿದ್ದ ಅಂಗಿಯ ವಾಸನೆ ಅದು. ಖಾಲಿ ಮನೆ ಇನ್ನೂ ಖಾಲಿಯಾಗಬಹುದು ಎಂದು ಆವತ್ತು ಗೊತ್ತಾಯಿತು. ಗಾಡಿಯ ಸೀಟಿನ ಮೇಲೆ ತಲೆ ಇಟ್ಟು ಅತ್ತುಬಿಟ್ಟೆ. ಅತ್ತೆ ಹಿತ್ತಿಲಲ್ಲಿ ಪಾತ್ರೆ ತಿಕ್ಕುತ್ತಿದ್ದರು. ಕೇಳಿಸಿರಬೇಕು, ಒಳಗೆ ಬರಲಿಲ್ಲ.

ಶುಕ್ರವಾರ ಸಂಜೆ ಮನಸ್ಸು ತಡೆಯದೆ ಗಾಡಿಯನ್ನು ಒಂದು ಸಲ ಚಾಲೂ ಮಾಡಿದೆ. ಶನಿವಾರ ಬೆಳಿಗ್ಗೆ ನೋಡಿದರೆ ನೆಲ ಮತ್ತೆ ಒದ್ದೆ. ಹಾಲಿನ ಕ್ಯಾನುಗಳನ್ನು ಅಲ್ಲೇ ಬಿಟ್ಟು ದೊಡ್ಡಬಳ್ಳಾಪುರಕ್ಕೆ ಓಡಿದೆ. ಆದಿನಾರಾಯಣಪ್ಪ ಭಾನುವಾರ ರಜ ಎಂದು ಸಿಡುಕಿದರು. ಕಾಲು ಹಿಡಿಯುವುದೊಂದು ಬಾಕಿ.

ಭಾನುವಾರ ಅವರು ಬಂದು ಸ್ಪ್ಯಾನರ್ ಕೈಗೆ ತೆಗೆದುಕೊಳ್ಳುವುದಕ್ಕೂ ಬೀದಿಯಲ್ಲಿ ಟೆಂಪೋ ನಿಲ್ಲುವುದಕ್ಕೂ ಸರಿಹೋಯಿತು. ಭಾವ ಇಬ್ಬರು ಆಳುಗಳ ಜೊತೆ ಬಂದಿದ್ದರು. ಸೋರುತ್ತಿರುವುದನ್ನು ಕಂಡು ನನ್ನ ಮುಖವನ್ನೊಮ್ಮೆ ನೋಡಿದರು. ಮುದುಕ ಕಾರ್ಬೊರೇಟರ್ ಬಿಚ್ಚಿ ತಳ ತೋರಿಸಿದರು. ಕೆಂಪು ಗಸಿ ಕೂತಿತ್ತು. ತುಕ್ಕು, ಟ್ಯಾಂಕೇ ಹೋಗಿದೆ, ಇನ್ನು ಇದರ ಕಥೆ ಮುಗಿಯಿತು ಎಂದು ಭಾವ ಆಳುಗಳನ್ನು ಕರೆದರು.

ಆದಿನಾರಾಯಣಪ್ಪ ಟ್ಯಾಂಕಿನ ಬಾಯಿಗೆ ಟಾರ್ಚ್ ಬಿಟ್ಟು ನೋಡಿದರು. ಒಳಗೆ ತಗಡು ಹೊಳೆಯುತ್ತಿತ್ತು. ಗಸಿಯನ್ನು ಬೆರಳಲ್ಲಿ ಉಜ್ಜಿ ಬಿಳೀ ಬಟ್ಟೆಗೆ ಒತ್ತಿದರು. ಬಟ್ಟೆ ಕಡುಕೆಂಪಾಯಿತು.

“ತುಕ್ಕಲ್ಲ ಸ್ವಾಮಿ ಇದು, ಕುಂಕುಮ,” ಎಂದರು. ಟ್ಯಾಂಕಿನ ಮುಚ್ಚಳ ತಿರುಗಿಸಿ ನಡುವಿನ ಸಣ್ಣ ತೂತು ತೋರಿಸಿದರು. ಗಾಳಿ ಆಡಲೆಂದು ಇರುವ ತೂತು. “ಮುಚ್ಚಳದ ಮೇಲೆ ಬರೀ ಇಟ್ಟಿದ್ರೆ ಉದುರೋಗ್ತಿತ್ತು. ಯಾರೋ ಇಟ್ಟು, ಕಾಣಬಾರ್ದು ಅಂತ ಒರೆಸಿದಾರೆ. ಒರೆಸಿ ಒರೆಸಿ ತೂತಿನೊಳಕ್ಕೆ ಇಳಿಸಿದಾರೆ. ನಲ್ಲಿ ಮೇಲಿನ ಜಾಲರಿ ಬೇರೆ ಹರಿದೋಗದೆ. ಅದೇ ಬಂದು ಸೂಜಿ ಕೆಳಗೆ ಕೂತ್ಕೊಳ್ತಿರೋದು.”

ಎಲ್ಲರೂ ನನ್ನನ್ನು ನೋಡಿದರು. ನಾನು ಇಟ್ಟಿರಲಿಲ್ಲ. ನಾನಲ್ಲದಿದ್ದರೆ ಮನೆಯಲ್ಲಿ ಇನ್ನು ಯಾರಿದ್ದಾರೆ? ನಾನು ಬಾಗಿಲ ಕಡೆ ತಿರುಗಿದೆ. ಅತ್ತೆ ದಾರಂದವನ್ನು ಹಿಡಿದು ನಿಂತಿದ್ದರು. ಊರಿಗೆಲ್ಲ ಶಾಸ್ತ್ರ ಹೇಳುವ ಆ ಮುಖದಲ್ಲಿ ಅಂಥ ಹೆದರಿಕೆಯನ್ನು ನಾನು ಎಂದೂ ಕಂಡಿರಲಿಲ್ಲ. ಅಷ್ಟು ತಿಂಗಳ ಸಿಟ್ಟೆಲ್ಲ ಎಲ್ಲಿಗೆ ಹೋಯಿತೋ ದೇವರೇ ಬಲ್ಲ. ನಾನೇ ಭಾವ, ನಾನೇ ಇಟ್ಟದ್ದು ಎಂದುಬಿಟ್ಟೆ.

ಭಾವ ಕೂಗಾಡಲಿಲ್ಲ. ಗಂಡ ಹೋದ ಮೇಲೆ ಕುಂಕುಮ ಮುಟ್ಟುವುದೇ ಸಲ್ಲ, ಅದರಲ್ಲೂ ಕದ್ದು ಗಾಡಿಗೆ ಇಡುವುದೆಂದರೆ ನಿನಗೆ ತಲೆ ಕೆಟ್ಟಿದೆಯಮ್ಮ, ಇದು ಕಣ್ಣೆದುರು ಇರುವವರೆಗೂ ನೀನು ಸರಿಹೋಗುವುದಿಲ್ಲ ಎಂದರು. ಸೋರುವುದು ನಿಂತರೂ ಇನ್ನು ಇದು ಇಲ್ಲಿರುವುದು ಬೇಡ ಎಂದರು. ಆಳುಗಳು ಹ್ಯಾಂಡಲ್ ಹಿಡಿದು ಸ್ಟ್ಯಾಂಡ್ ಇಳಿಸಿದರು. ನಾನಾಡಿದ ಒಂದು ಮಾತಿಗೆ ಗಾಡಿ ಹೊರಟಿತು. ಚಕ್ರ ಹೊಸಿಲು ಹತ್ತಿತು.

“ಬಿಡ್ರೋ ಅದನ್ನ,” ಎಂದರು ಅತ್ತೆ. ಬಾಗಿಲಿಗೆ ಅಡ್ಡ ನಿಂತಿದ್ದರು. “ಅವಳಲ್ಲ ಕಣೋ ಚಲಪತಿ. ನಾನು. ಶುಕ್ರವಾರ ಶುಕ್ರವಾರ ಇವಳು ಡೈರಿಗೆ ಹೋದ್ಮೇಲೆ ನಾನೇ ಇಡೋದು, ನಾನೇ ಒರೆಸೋದು.”

ಭಾವನಿಗೆ ನಂಬಲಾಗಲಿಲ್ಲ. ನೀನೇ ತಗೊಂಡು ಹೋಗು ಅಂದೆಯಲ್ಲಮ್ಮ ಎಂದರು.

“ಅಂದೆ. ಇವಳು ಒಲೆ ಹಚ್ಚೋವಾಗೆಲ್ಲ ನನ್ನ ಜೀವ ಹೋಗಿ ಬರ್ತಿತ್ತು, ಅದಕ್ಕೇ ಅಂದೆ. ನಿನ್ನ ತಮ್ಮ ಮೂರ್ತಿ ಮದುವೇಲಿ ಹಸೆ ಮೇಲೆ ಕೂರ್ಸಿ ಊರ ಮುತ್ತೈದೆಯರೆಲ್ಲ ಅವನ ಹಣೆಗೆ ಕುಂಕುಮ ಇಟ್ರು. ಹೆತ್ತೋಳು ನಾನು ಅಡಿಗೆ ಚಪ್ಪರದ ಹಿಂದೆ ನಿಂತಿದ್ದೆ. ನಿನ್ನ ಮದುವೇಲೂ ಅಲ್ಲೇ ನಿಂತಿದ್ದೆ ಕಣಪ್ಪ. ಮುಂಡೆ ಕೈ ಬೇಡ ಅಂದ್ರು. ಗಾಡಿ ಬೇಡ ಅನ್ನಲಿಲ್ಲ. ಅದಕ್ಕೆ ಇಟ್ಟೆ.”

ಭಾವ ಜಗಲಿಯ ಮೇಲೆ ಕುಸಿದು ಕೂತರು, ತಾಯಿಯ ಕಡೆ ನೋಡಲಾಗದೆ ನೆಲ ನೋಡಿದರು. ಆಮೇಲೆ ಆಳುಗಳಿಗೆ ಗಾಡಿಯನ್ನು ಒಳಗೆ ನಿಲ್ಲಿಸಲು ಹೇಳಿ, ಟೆಂಪೋ ಹತ್ತಿ ಹೋದರು. ಆದಿನಾರಾಯಣಪ್ಪ ಟ್ಯಾಂಕ್ ಇಳಿಸಿ ತೊಳೆದರು, ನಲ್ಲಿಗೆ ಹೊಸ ವಾಷರ್ ಕೂರಿಸಿದರು, ಜಾಲರಿ ಹಾಕಿದರು. ಅಷ್ಟು ಹೊತ್ತೂ ಒಂದು ಸಲವಾದರೂ ಗೊಣಗಲಿಲ್ಲ.

ಸಂಜೆ ಮತ್ತೆ ನಾವಿಬ್ಬರೇ. ಒಂದೇ ಗೋಡೆಯ ಆಚೆ ಈಚೆ ಮಲಗಿ, ಅತ್ತದ್ದನ್ನು ಒಬ್ಬರಿಗೊಬ್ಬರು ಬಚ್ಚಿಟ್ಟು, ಇಬ್ಬರೂ ಒಂಟಿ ದೆವ್ವಗಳ ಹಾಗೆ ಬದುಕಿದ್ದೆವಲ್ಲ ಎಂದು ಸಂಕಟವಾಯಿತು. ಅತ್ತೆ ಒಲೆಯ ಮುಂದೆ ಕೂತು ಬೂದಿ ಕೆದಕುತ್ತಿದ್ದರು. ನಾನು ಹೋಗಿ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತೆ. ನಮ್ಮನೆಯವರು ಚಿಕ್ಕವರಿದ್ದಾಗ ಹೇಗಿದ್ದರು ಅತ್ತೆ, ಬಲು ತುಂಟರಾ ಎಂದು ಕೇಳಿದೆ.

ಅತ್ತೆ ನನ್ನ ಮುಖವನ್ನೇ ನೋಡಿದರು.

“ಅವನು ಹೋದಾಗ್ಲಿಂದ ಇದನ್ನ ಒಬ್ರೂ ನನ್ನ ಕೇಳ್ಲಿಲ್ಲ ಕಣಮ್ಮ,” ಎಂದರು. ಹೇಳಲು ಬಾಯಿ ತೆರೆದರು, ಆಗಲಿಲ್ಲ. ಸೆರಗನ್ನು ಮುಖಕ್ಕೆ ಒತ್ತಿಕೊಂಡು ಜೋರಾಗಿ ಅತ್ತುಬಿಟ್ಟರು.