ಬಾಸೀಲಿ ಎಫೆಂದಿಯವರ ವಿಶೇಷಣಗಳು

ಖಾಲಿ ಕುರ್ಚಿಯ ಮುಂದೆಯೂ ತಲೆ ಬಾಗಿಸದೆ ಬಾಸೀಲಿ ಎಫೆಂದಿಯವರು ಹಾದುಹೋದದ್ದನ್ನು ಈಜಿಪ್ಟಿನ ಪೋರ್ಟ್ ಸೈದಿನಲ್ಲಿ ಕಂಡವರಿಲ್ಲ. ಯಾಕೆಂದು ಕೇಳಿದರೆ, "ಇವತ್ತು ಖಾಲಿ ಇದೆ ಸ್ವಾಮಿ, ನಾಳೆ ಯಾರು ಕೂತ್ಕೋತಾರೋ!" ಎನ್ನುತ್ತಿದ್ದರು. ನಡಿಗೆಯೂ ಅದೇ ಧಾಟಿಯದು. ಬೀದಿ ನಿರ್ಜನವಾಗಿದ್ದರೂ ಯಾರೋ ಮಹನೀಯರಿಗೆ ದಾರಿ ಬಿಡುವವರಂತೆ ಒಂದು ಭುಜವನ್ನು ಹಿಂದಕ್ಕೆಳೆದುಕೊಂಡು, ಗೋಡೆಯ ಮಗ್ಗುಲಲ್ಲೇ ಅಡ್ಡಡ್ಡವಾಗಿ ಸಾಗುತ್ತಿದ್ದರು. ತಲೆಯ ಮೇಲೆ ಬಣ್ಣ ಮಾಸಿದ ಕೆಂಪು ತರ್ಬೂಷ್ ಟೋಪಿ. ಆಗಸ್ಟಿನ ಉರಿಯಲ್ಲೂ ಕೊರಳವರೆಗೆ ಗುಂಡಿ ಹಾಕಿದ, ಮೊಣಕೈಗಳಲ್ಲಿ ಕನ್ನಡಿಯಂತೆ ಹೊಳೆಯುವ ಕರಿಯ ಕೋಟು. ಬೇಯಿಸಿದ ಫೂಲ್ ಕಾಳು ಮಾರುವ ಮುದುಕಿಯ ಬಳಿಯೂ, "ತಮ್ಮ ಅಪ್ಪಣೆಯಾದರೆ, ಇನ್ನೊಂದು ಚೂರು ಜೀರಿಗೆ..." ಎಂದೇ ಅವರ ಮಾತು. "ಅಪ್ಪಣೆ ಕೊಟ್ಟೆ ಕಣೋ, ತಗೊಂಡು ಜಾಗ ಖಾಲಿ ಮಾಡು!" ಎಂದು ಆಕೆ ಗದರುತ್ತಿದ್ದಳು.

ಬಂದರಿನಲ್ಲಿ ಇಂಗ್ಲಿಷ್ ಅಧಿಕಾರಿಗಳ ದರ್ಬಾರು ನಡೆಯುತ್ತಿದ್ದ ಕಾಲವದು. ಪರವಾನಗಿ ಕಚೇರಿಯ ಒಳಗೆ ನಾನು ಕಿರಿಯ ಗುಮಾಸ್ತ. ಹೊರಗೆ ಕಮಾನಿನಡಿಯಲ್ಲಿ, ಓದುಬರಹ ಬಲ್ಲವರೆಂದು ಊರೇ 'ಎಫೆಂದಿ' ಎನ್ನುತ್ತಿದ್ದ ಅವರ ಮೇಜು. ಅಕ್ಷರವರಿಯದ ಮಂದಿಗೆ ಇಂಗ್ಲಿಷಿನಲ್ಲಿ ಅರ್ಜಿ ಬರೆದುಕೊಡುವುದು ಅವರ ಕಸುಬು, ಆ ಭಾಷೆಯಲ್ಲಿ ದೊಡ್ಡವರನ್ನು ಹೊಗಳುವ ಶಬ್ದಗಳನ್ನು ಕೂಡಿಡುವುದು ಅವರ ವ್ಯಸನ. ಕೋಟಿನ ಒಳಜೇಬಿನ ಪುಸ್ತಕದಲ್ಲಿ ಆ ಶಬ್ದಗಳು ಪಂಕ್ತಿಭೇದದ ಊಟದಂತೆ ದರ್ಜೆವಾರು ಕುಳಿತಿದ್ದವು. ಸಾರ್ಜೆಂಟರಿಗೆ 'ಆನರಬಲ್' ಸಾಕು, ಕ್ಯಾಪ್ಟನ್ನರಿಗೆ 'ಇಲಸ್ಟ್ರಿಯಸ್'. 'ಮ್ಯಾಗ್ನಾನಿಮಸ್', ಅಂದರೆ ಮಹಾ ಉದಾರಿ, ಎಂಬುದನ್ನು ಮಾತ್ರ ಹಬ್ಬದ ಬೆಳ್ಳಿತಟ್ಟೆಯಂತೆ ಎತ್ತಿಟ್ಟಿದ್ದರು. ಕೊನೆಯಲ್ಲಿ 'ಯುವರ್ ಮೋಸ್ಟ್ ಒಬೀಡಿಯೆಂಟ್ ಸರ್ವೆಂಟ್' ಎಂದು ಬರೆಯುವಾಗ ಅವರ ಕುತ್ತಿಗೆಯೂ ಲೇಖನಿಯೊಂದಿಗೆ ಬಾಗುತ್ತಿತ್ತು.

ಲಕೋಟೆಗೆ ಹಾಕುವ ಮುನ್ನ ಅರ್ಜಿಯನ್ನು ಅರಬ್ಬಿಗೆ ತಿರುಗಿಸಿ ಗಟ್ಟಿಯಾಗಿ ಓದುವುದು ಅಲ್ಲಿನ ವಾಡಿಕೆ. ಸುತ್ತ ಜನ ಕೂಡುತ್ತಿದ್ದರು, ಒಳ್ಳೆಯ ಸಾಲಿಗೆ "ಅಲ್ಲಾ! ಅಲ್ಲಾ!" ಎನ್ನುತ್ತಿದ್ದರು. ಅರ್ಜಿದಾರನ ಎದೆ ಉಬ್ಬುತ್ತಿತ್ತು. ಅಷ್ಟು ದೊಡ್ಡವನೊಡನೆ ವ್ಯವಹರಿಸುವ ತಾನೇನು ಸಣ್ಣವನೇ?

ಇಂಥಲ್ಲಿಗೆ ಕಚೇರಿಯ ಹೊಸ ಅಧಿಕಾರಿಯಾಗಿ ಬಂದರು ಕ್ಯಾಪ್ಟನ್ ಥ್ರೆಲ್‌ಫಾಲ್. ಬಂದ ವಾರದಲ್ಲೇ ಬಾಗಿಲಿಗೆ ಸೂಚನೆ ಅಂಟಿಸಿದರು: ಅರ್ಜಿ ಮೂರು ಸಾಲು ಮೀರಕೂಡದು. ಮೀರಿದ್ದು ಕೆಂಪು ಗೀಟು ಹೊಡೆಸಿಕೊಂಡು ವಾಪಸಾಗುತ್ತಿತ್ತು.

ಆ ವಾರವೇ ಅರಾಫಾನ ಪರವಾನಗಿಯ ತಗಡಿನ ಬಿಲ್ಲೆ ಜಪ್ತಿಯಾಯಿತು. ಹಡಗಿನ ಮಗ್ಗುಲಿಗೆ ದೋಣಿ ಒಯ್ದು ಪ್ರಯಾಣಿಕರಿಗೆ ಚರ್ಮದ ದಿಂಬು, ಮಣಿಸರ ಮಾರುವವನು ಅವನು. ಎಲ್ಲರಿಗಿಂತ ಮುಂಚೆ ಮುಟ್ಟುವ ಆತುರದಲ್ಲಿ ದೋಣಿಗಳಿಗೆ ಹಾಕಿದ್ದ ಗಡಿಗೆರೆ ದಾಟಿಬಿಟ್ಟಿದ್ದ. ಬಿಲ್ಲೆಯಿಲ್ಲದೆ ದೋಣಿ ನೀರಿಗಿಳಿಯುವಂತಿಲ್ಲ. ದೋಣಿ ಇಳಿಯದೆ ಅವನ ಮನೆಯ ಏಳು ಜನರಿಗೆ ಅನ್ನವಿಲ್ಲ.

ಎಫೆಂದಿಯವರು ಬೆಳಗಿನಿಂದ ಮಧ್ಯಾಹ್ನದವರೆಗೆ ಬೆವರಿ, ಒಂದೇ ಒಂದು ವಿಶೇಷಣವಿಲ್ಲದ ಮೂರು ಸಾಲು ಬರೆದರು. ಓದಿದ್ದು ಮುಗಿದ ಮೇಲೂ ಅರಾಫಾ ಕಾಯುತ್ತಲೇ ನಿಂತಿದ್ದ.

"ಆಮೇಲೆ?"

"ಅಷ್ಟೇ."

"ಅಷ್ಟೇನಾ? ನಮ್ಮಪ್ಪನಿಗೆ ಎರಡು ಹಾಳೆ ಬರ್ಕೊಟ್ರಿ. ನಾನೇನು ಬೀದೀಲಿ ಬಿದ್ದಿದ್ನಾ ಎಫೆಂದಿಯವ್ರೇ? ಇದು ಅರ್ಜಿನೋ, ಮದ್ದಿನ ಚೀಟಿನೋ?"

ಸುತ್ತಲಿದ್ದವರು ನಕ್ಕರು. ಎಫೆಂದಿಯವರಿಗೂ ಕೈ ತುರಿಸುತ್ತಿತ್ತೆಂದು ಕಾಣುತ್ತದೆ. ಅವನ ಸಮಾಧಾನಕ್ಕೆಂದು ಇನ್ನೆರಡು ಹಾಳೆ ಬರೆದರು, ಬೆಳ್ಳಿತಟ್ಟೆಯೂ ಹೊರಬಂತು. ಓದುವಾಗ ಅರಾಫಾ ಕಣ್ಣೊರೆಸಿಕೊಂಡ. "ಇದು ಮನೇಲಿಟ್ಕೋ, ಆ ಚಿಕ್ಕದನ್ನ ಒಳಗೆ ಕೊಡು," ಎಂದು ಮೂರು ಸಲ ಹೇಳಿ ಕಳಿಸಿದರು.

ಅವನು ಕೊಟ್ಟದ್ದು ದೊಡ್ಡದನ್ನೇ. "ಅಂಥಾ ದೊಡ್ಡ ಮನುಷ್ಯನ ಕೈಗೆ ಆ ಬಡಕಲು ಚೀಟಿ ಕೊಡೋಕೆ ನಂಗೆ ನಾಚಿಕೆ ಆಯ್ತು," ಎಂದು ಆಮೇಲೆ ನನ್ನೆದುರು ಗೋಳಾಡಿದ.

ಕ್ಯಾಪ್ಟನ್ನರು ಎಫೆಂದಿಯವರನ್ನೇ ಕರೆಸಿದರು, ಕಡತ ಹಿಡಿದು ನಾನೂ ಅಲ್ಲೇ ಇದ್ದೆ. ಮೇಜಿನ ಮೇಲಿನ ಎರಡು ಹಾಳೆಗಳೂ ಕೆಂಪು ಗೀಟುಗಳಿಂದ ಗಾಯಗೊಂಡಿದ್ದವು.

"ಇಂಥ ಮುಖಸ್ತುತಿ ಕೆಲಸಕ್ಕೆ ನಮ್ಮ ಭಾಷೇಲಿ ಏನಂತಾರೆ, ಗೊತ್ತಾ?"

"ಗೊತ್ತು ಸಾಹೇಬರೇ. ಬೂಟು ನೆಕ್ಕೋದು, ಬೆಣ್ಣೆ ಸವರೋದು, ಕುದುರೆ ಮೈ ಉಜ್ಜೋದು, ಕಪ್ಪೆ ತಿನ್ನೋದು... ನಿಘಂಟಿನಲ್ಲಿ ಎಲ್ಲಕ್ಕೂ ಗುರುತು ಹಾಕಿದ್ದೀನಿ. ತಮ್ಮ ಅಪ್ಪಣೆಯಾದರೆ ಒಂದು ಮಾತು. ಇಷ್ಟೊಂದು ಹೆಸರಿಟ್ಟಿದ್ದೀರಿ ಅಂದಮೇಲೆ, ನಿಮ್ಮೂರಲ್ಲೂ ಇದಕ್ಕೆ ಗಿರಾಕಿಗಳು ಕಮ್ಮಿ ಇರಲಾರರು."

ನನ್ನ ಕೈಯಲ್ಲಿದ್ದ ಕಡತ ಜಾರಿತು. ಕ್ಯಾಪ್ಟನ್ನರ ಮೀಸೆ ಅಲುಗಿತೋ ಇಲ್ಲವೋ ಹೇಳಲಾರೆ.

"ಇದರಲ್ಲಿ ನೀನು ನಂಬಿ ಬರೆದದ್ದು ಯಾವುದು?"

ಎಫೆಂದಿಯವರು ಎರಡನೆಯ ಹಾಳೆಯ ಒಂದು ಸಾಲಿನ ಮೇಲೆ ಬೆರಳಿಟ್ಟರು. ಆಮೇಲೆ, ಮೂವತ್ತು ವರ್ಷಗಳಲ್ಲಿ ಮೊದಲ ಸಲ ಆ ಭುಜವನ್ನು ಮುಂದಕ್ಕೆ ತಂದು ನೆಟ್ಟಗೆ ನಿಂತು, ಅಪ್ಪಣೆ ಕೇಳದೆ ಹೇಳಿದರು: "ಒಂದೇ ಸಾಲು. ಮನೇಲಿ ಏಳು ಜನ, ಇರೋದು ಒಂದು ದೋಣಿ."

ಕ್ಯಾಪ್ಟನ್ನರು ಖಾನೆ ಎಳೆದು ಬಿಲ್ಲೆಯನ್ನು ಮೇಜಿನ ಮೇಲಿಟ್ಟರು.

ಅದನ್ನು ಎದೆಗೆ ಸಿಕ್ಕಿಸಿಕೊಂಡ ಅರಾಫಾ ಊರೆಲ್ಲ ಸಾರಿದ: "ನೋಡಿದ್ರಾ? ಎರಡು ಹಾಳೆಗೆ ಕ್ಯಾಪ್ಟನ್ನೇ ಕರಗೋದ!" ಮರುದಿನ ಕಮಾನಿನಡಿ ಸಾಲೋ ಸಾಲು ಜನ. ನಾನು ನಿಜ ಹೇಳಲು ಬಾಯಿ ತೆರೆಯುವ ಮೊದಲೇ ಎಫೆಂದಿಯವರು ನನ್ನನ್ನು ಮಗ್ಗುಲಿಗೆ ಕರೆದು ಪಿಸುಗುಟ್ಟಿದರು: "ತಮ್ಮ ಅಪ್ಪಣೆಯಾದರೆ, ಒಳಗೆ ನಾನಾಡಿದ ಮಾತು ಹೊರಗೆ ಬರೋದು ಬೇಡ. ಪಾಪ, ಇವರಿಗೆಲ್ಲ ಬೇಜಾರಾಗುತ್ತೆ."

ಇಂಗ್ಲಿಷರು ಹೋದರು, ಮೇಜೂ ಹೋಯಿತು, ಮೇಜಿನವರೂ ಹೋದರು. ಅವರೇ ಬಾಡಿಗೆಗಿದ್ದ ಸರ್ಕಾರಿ ಮನೆಯ ಮಾಳಿಗೆ ಹದಿನೆಂಟು ವರ್ಷ ಸೋರುತ್ತಿತ್ತೆಂದೂ ಅದಕ್ಕಾಗಿ ಒಂದಾದರೂ ಅರ್ಜಿ ಬರೆದುಕೊಂಡಿರಲಿಲ್ಲವೆಂದೂ ತಿಳಿದದ್ದು ಅವರನ್ನು ಮಣ್ಣುಮಾಡಿ ಬಂದ ದಿನ. ಆಮೇಲೆ ನಾನೂ ಮೇಲೇರಿ ದೊಡ್ಡ ಕುರ್ಚಿಯಲ್ಲಿ ಕೂತೆ. ನನ್ನನ್ನೂ ಮಂದಿ ಹೊಗಳಿದರು, ಕೇಳಲು ಹಿತವಾಗಿಯೇ ಇತ್ತು. ಅವರೆಲ್ಲ ತಂತಮ್ಮ ಕೆಲಸಕ್ಕೆ ಬಾಗಿದವರು. ಕೆಲಸವಾದೊಡನೆ ಅವರ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ಇನ್ನೊಬ್ಬರಿಗಾಗಿ ಬಾಗುವ ಎಫೆಂದಿಯವರ ಪಂಗಡದವರ ಬೆನ್ನು ಮಾತ್ರ ಬಾಗಿದ್ದು ಬಾಗಿದಂತೆಯೇ ಉಳಿದುಬಿಡುತ್ತದೆ, ಏಕೆಂದರೆ ಅವರ ಹಿಂದೆ ಯಾವಾಗಲೂ ಇನ್ನೊಬ್ಬ ಅರಾಫಾ ಸರದಿಯಲ್ಲಿ ನಿಂತಿರುತ್ತಾನೆ.