ಬಿಳಿ ಎರಡೋ, ಬಿಳಿ ನಾಲ್ಕೋ

ಇದು ನಿಜವಾಗಿ ನಡೆದದ್ದು. ನನ್ನ ಬಾಯಿಂದ ಬಂದರೆ ನಿಜವೂ ಮಿಮಿಕ್ರಿಯಂತೆ ಕೇಳಿಸುತ್ತದೆ ಎಂಬುದು ನನ್ನ ಹೆಂಡತಿಯ ದೂರು. ಹಾಗಾಗಿ ಈ ಸಲ ಯಾರ ದನಿಯನ್ನೂ ತೆಗೆಯದೆ ಹೇಳುತ್ತೇನೆ.

ನನ್ನ ತಂಗಿ ಹಾಡುಗಾರ್ತಿ. ಗಂಟಲಲ್ಲಿ ಗಂಟಾಗಿ ಆಪರೇಷನ್ ಆಗಿತ್ತು. ತಾವು ಹೇಳುವವರೆಗೆ ಪಿಸುಗುಟ್ಟುವುದೂ ಬೇಡವೆಂದು ಡಾಕ್ಟರು ಅವಳ ಬಾಯಿಗೆ ಬೀಗ ಹಾಕಿದ್ದರು. ಆಗೆಲ್ಲ ಅವಳ ಫೋನಿಗೆ ಅವಳ ದನಿಯಲ್ಲಿ ನಾನೇ ಉತ್ತರ ಕೊಡುತ್ತಿದ್ದೆ. ಒಮ್ಮೆ ಚಿಕ್ಕಮ್ಮ ನನ್ನ ಜೊತೆ ಮನಸಾರೆ ಹರಟಿ, ಗಂಟಲು ಮೊದಲಿಗಿಂತ ಇಂಪಾಗಿದೆ ಕಣೇ ಎಂದು ಮೆಚ್ಚಿ ಫೋನಿಟ್ಟರು. ತಂಗಿ ದಿಂಬು ತೆಗೆದುಕೊಂಡು ನನಗೆ ಬಾರಿಸಿದಳು. ಬಾಯಿಬಿಟ್ಟು ನಗುವಂತಿರಲಿಲ್ಲವಲ್ಲ, ಕೈಯಲ್ಲೇ ನಕ್ಕಳು.

ಅವತ್ತು ಬೀಗ ತೆಗೆಯುವ ದಿನ. ದನಿ ಮೊದಲಿನಂತೆ ಬರುತ್ತದೆಂದು ಡಾಕ್ಟರು ಮಾತು ಕೊಟ್ಟಿರಲಿಲ್ಲ. ನೋಡೋಣ ಎಂದಿದ್ದರು, ಅಷ್ಟೆ. ಹೆಂಡತಿ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ನಾನು ಸ್ಟುಡಿಯೋದಲ್ಲಿ ಕೆಲಸವಿದೆಯೆಂದು ಜಾರಿಕೊಂಡೆ.

ಕೆಲಸವೂ ಇತ್ತು ಅನ್ನಿ. ಆಪರೇಷನ್ನಿಗೆ ಮುಂಚೆ ಅವಳು ಹಾಡಿದ್ದ ಹಾಡೊಂದರ ಹಾರ್ಡ್ ಡಿಸ್ಕ್ ಕೈಕೊಟ್ಟು, ವಾದ್ಯಗಳೆಲ್ಲ ಅಳಿಸಿಹೋಗಿ, ಅವಳ ದನಿಯ ಟ್ರ್ಯಾಕ್ ಮಾತ್ರ ಉಳಿದಿತ್ತು. ಅದರ ಸುತ್ತ ಸಂಗೀತವನ್ನು ಹೊಸದಾಗಿ ಕಟ್ಟಬೇಕು. ಸಂಜೆ ಪಿಟೀಲಿನವರು ಬರುವಷ್ಟರಲ್ಲಿ ಶ್ರುತಿ ಯಾವುದೆಂದು ಗೊತ್ತಾಗಬೇಕು. ರಾಗ ಹಾಕಿದವರು ಯಾವುದೋ ಹಡಗಿನಲ್ಲಿ ಕಾರ್ಯಕ್ರಮ ಕೊಡುತ್ತಾ ಸಮುದ್ರದ ಮಧ್ಯೆ ಇದ್ದರು, ಫೋನು ಸಿಗುತ್ತಿರಲಿಲ್ಲ. ತಂಗಿಯನ್ನೇ ಕೇಳೋಣವೆಂದರೆ, ಆಪರೇಷನ್ ಆದಮೇಲೆ ತನ್ನ ಹಳೇ ದನಿ ಕಿವಿಗೆ ಬಿದ್ದರೆ ಸಾಕು, ಎದ್ದು ಹೋಗುತ್ತಿದ್ದಳು. ಹೊಸ ದನಿ ಬಾರದಿದ್ದರೆ ಇದೇ ಅವಳ ಕೊನೆಯ ಹಾಡು. ಅದನ್ನು ತಪ್ಪು ಶ್ರುತಿಯ ಮೇಲೆ ನಿಲ್ಲಿಸಿದರೆ ಕೆಡಿಸಿದವನು ಅಣ್ಣನಾದ ನಾನೇ ಆಗುತ್ತಿದ್ದೆ.

ಬರೀ ದನಿ ಇದ್ದಾಗ, ಹಾಡು ಎಲ್ಲಿ ಹೋಗಿ ಕಾಲು ಚಾಚಿ ಕೂರುತ್ತದೆಂದು ನೋಡಬೇಕು. ಅದೇ ಷಡ್ಜ, ಅದೇ ಅದರ ಮನೆ. ಕೀಬೋರ್ಡಿನಲ್ಲಿ ನಾಲ್ಕನೆಯ ಬಿಳಿ ಕೀಲಿಯನ್ನು, ನಮ್ಮ ಭಾಷೆಯಲ್ಲಿ ಬಿಳಿ ನಾಲ್ಕನ್ನು, ಒತ್ತಿ ಹಿಡಿದು ಅವಳ ದನಿಯನ್ನು ಮೇಲೆ ಬಿಟ್ಟೆ. ಹಾಡು ನಗುನಗುತ್ತಾ ಬಂತು. ಬಿಳಿ ಎರಡನ್ನು ಹಿಡಿದೆ. ಅದೇ ಸ್ವರಗಳು, ಅದೇ ಉಸಿರು, ಆದರೆ ಯಾರನ್ನೋ ಕಳಿಸಿಕೊಟ್ಟು ಬಾಗಿಲಲ್ಲೇ ನಿಂತಂತೆ. ಎರಡೂ ಹೊಂದುತ್ತಿದ್ದವು. ಕೊನೆಯ ಸಾಲು ಮಾತ್ರ ಬಿಳಿ ಎರಡರ ಮೇಲೆಯೇ ನಿಂತಿತ್ತು. ನಿಂತ ಜಾಗವೇ ಮನೆಯೆಂದು ತೀರ್ಮಾನಿಸಿದೆ. ಮಧ್ಯಾಹ್ನ ಕಳೆದರೂ ಆಸ್ಪತ್ರೆಯಿಂದ ಫೋನು ಬಂದಿರಲಿಲ್ಲ. ನನ್ನ ಕಿವಿ ಎಲ್ಲವನ್ನೂ ಅಳುವಿನ ಕಡೆಗೇ ವಾಲಿಸುತ್ತಿತ್ತು.

ಪಕ್ಕದ ಕೋಣೆಯಲ್ಲಿ ಮಿಕ್ಸರ್ ಮುಂದೆ ನಮ್ಮ ರೆಕಾರ್ಡಿಂಗ್‌ನವನು ಕೂತಿದ್ದ. ದುಂಡು ಕನ್ನಡಕದ ದೆಸೆಯಿಂದ ಎಲ್ಲರಿಗೂ ಅವನು ಗೂಬೆ. ಬಿಳಿ ಎರಡು ಅಂತ ಪಿಟೀಲಿನವರಿಗೆ ಹೇಳಿಬಿಡು ಎಂದೆ. ಅವನು ನನ್ನ ಮುಖ ನೋಡದೆ, ಇನ್ನೊಂದು ಸಲ ಕೇಳಿಬಿಡು ಎಂದ.

ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಕೊನೆಯ ಸಾಲು ಮುಗಿಯಿತು. ಆಮೇಲೆ, ಏನೂ ಇರಬಾರದ ಜಾಗದಲ್ಲಿ, ಸಣ್ಣಗೆ ಒಂದು ಗುಂಯ್. ಬಾಯಿ ಮುಚ್ಚಿ ಎಳೆದ ಹೆಣ್ಣುದನಿ. ಟ್ರ್ಯಾಕನ್ನು ಮ್ಯೂಟ್ ಮಾಡಿದೆ, ನಿಲ್ಲಲಿಲ್ಲ. ಕಂಪ್ಯೂಟರನ್ನೇ ನಿಲ್ಲಿಸಿದೆ. ಆಗಲೂ ಇತ್ತು. ಹೆಡ್‌ಫೋನ್ ಕಿತ್ತು ಕೆಳಗಿಟ್ಟರೆ ಕೋಣೆಯಲ್ಲಿ ಫ್ಯಾನಿನ ಸದ್ದು ಬಿಟ್ಟು ಏನಿಲ್ಲ. ಮತ್ತೆ ಹಾಕಿಕೊಂಡೆ. ಈಗ ಅದು ಉಸಿರು ಎಳೆದುಕೊಂಡು, ಇನ್ನೂ ಹತ್ತಿರದಿಂದ ಶುರುವಾಯಿತು.

ಆಸ್ಪತ್ರೆಯಲ್ಲಿ ಏನೋ ಆಗಿದೆ, ದನಿ ಅವಳನ್ನು ಬಿಟ್ಟು ಇಲ್ಲಿಗೆ ಬಂದಿದೆ ಎಂದೇ ಅನ್ನಿಸಿತು. ಆ ಹೆದರಿಕೆಯಲ್ಲೂ ಹಾಳು ಬೆರಳು ಅಭ್ಯಾಸಬಲದಿಂದ ಸ್ವರ ಹುಡುಕಿತು. ಬಿಳಿ ನಾಲ್ಕು. ತಕ್ಷಣ ಹೆಂಡತಿಗೆ ಫೋನ್ ಒತ್ತಿದೆ.

ಅವಳ ಫೋನಿನ ರಿಂಗು ನನ್ನ ಹೆಡ್‌ಫೋನಿನೊಳಗೇ ಬಡಿದುಕೊಂಡಿತು.

ಗುಂಯ್ ನಿಂತಿತು. ಯಾರೋ ಗಡಬಡಿಸಿದ ಸದ್ದು. ಹಿಂದಕ್ಕೆ ತಿರುಗಿದೆ. ಗಾಜಿನಾಚೆ, ಹಾಡುವವರ ಕತ್ತಲು ಕೋಣೆಯಲ್ಲಿ ದೀಪ ಹೊತ್ತಿತು. ಮೈಕಿನ ಮುಂದೆ ತಂಗಿ, ಅವಳ ಹಿಂದೆ ಬ್ಯಾಗಿನಲ್ಲಿ ಫೋನಿಗಾಗಿ ತಡಕಾಡುತ್ತಿದ್ದ ನನ್ನ ಹೆಂಡತಿ. ಗೂಬೆ ಅವರನ್ನು ಹಿಂಬಾಗಿಲಿನಿಂದ ಒಳಗೆ ಬಿಟ್ಟು, ಮೈಕನ್ನು ತನ್ನ ಮಿಕ್ಸರಿನಿಂದ ನೇರ ನನ್ನ ಹೆಡ್‌ಫೋನಿಗೆ ತೆರೆದಿದ್ದ.

“ಬಿಳಿ ಎರಡಂತೆ,” ಎಂದಳು ತಂಗಿ. ದನಿ ಒರಟಾಗಿತ್ತು, ಅಂಚಿನಲ್ಲಿ ಹರಿದಿತ್ತು. ಅವಳದೇ. “ಅದು ಧೈವತ ಕಣೋ ಅಣ್ಣ, ಷಡ್ಜ ಬಿಳಿ ನಾಲ್ಕು. ಹಾಡು ಇನ್ನೂ ಮನೆಗೇ ಬಂದಿಲ್ಲ. ಅಲ್ಲಿಂದ ಮನೆ ಮುಟ್ಟಿಸೋದು ಪಿಟೀಲಿನವರ ಕೆಲಸ.”

“ನಾನು ಬೇಡ ಅಂದೆ ಕಣ್ರೀ,” ಎಂದಳು ಹೆಂಡತಿ. “ಚಿಕ್ಕಮ್ಮನ ಹತ್ರ ನನ್ ದನಿ ತೆಗೆದಿದ್ದಕ್ಕೆ ಬಡ್ಡಿ ಸಮೇತ ತೀರಿಸ್ತೀನಿ ಅಂತ ಇವಳ ಹಟ.”

ಗೂಬೆ ಹೊಟ್ಟೆ ಹಿಡಿದುಕೊಂಡು ಬಾಗಿಲಿಗೆ ಒರಗಿದ್ದ. ಜೋರಾಗಿ ನಗಬಾರದೆಂದು ಡಾಕ್ಟರು ಹೇಳಿದ್ದಕ್ಕೆ ತಂಗಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಅಲುಗುತ್ತಿದ್ದಳು. ಅವಳ ಪಾಲಿನದನ್ನೂ ಸೇರಿಸಿ ನಾನೇ ನಕ್ಕೆ. ಸಾಕು ನಿಲ್ಸಿ, ಹೊರಗೆ ಜನ ನಿಂತು ನೋಡ್ತಿದ್ದಾರೆ ಎಂದು ಹೆಂಡತಿ ಗದರಿದಳು. ನನಗೆ ನಿಲ್ಲಿಸಲಾಗಲಿಲ್ಲ.